ಸಾಲ ತೀರುವ ಮೊದಲೇ ಸಿಗುವ ಸುಖ

*ಭಾನುವಾರದ ಧಮ್ಮ ಚಿಂತನೆ*



ಭಾನುವಾರವಾದ್ದರಿಂದ ಇಂದಿನ ಚಿಂತನೆ ಸ್ವಲ್ಪ ಉದ್ದವಿದೆ. ಬಿಡುವು ಮಾಡಿಕೊಂಡು ಓದಿ. ಮನೆಯಲ್ಲಿ ಓದಲು ಬಾರದ ಹಿರಿಯರಿದ್ದರೆ ಓದಿ ಹೇಳಿ.

ಜೂಜು ಬಿಟ್ಟವರು ಕೇಳುವ ಪ್ರಶ್ನೆಯೊಂದಿದೆ. "ಆಟ ಬಿಟ್ಟು ಆರು ತಿಂಗಳಾಯ್ತು ಸರ್. ಆದ್ರೆ ಸಾಲ ನನ್ನನ್ನ ಬಿಟ್ಟಿಲ್ಲ. ಹಂಗಾದ್ರೆ ನಾನು ಬಿಟ್ಟಂಗಾಯ್ತಾ, ಇಲ್ವಾ?" ಕೇಳುವುದಕ್ಕೆ ಇದು ದುಡ್ಡಿನ ಪ್ರಶ್ನೆ. ಒಳಗಿರುವುದು ನೀತಿಯ ಪ್ರಶ್ನೆ. ತಪ್ಪು ನಿಂತರೂ ಅದರ ಬೆಲೆ ಕಟ್ಟುವುದು ನಿಂತಿಲ್ಲ ಎಂದಾಗ, ಆ ನಡುವಿನ ವರ್ಷಗಳಲ್ಲಿ ಮನುಷ್ಯ ತಲೆ ಎತ್ತಿ ಬದುಕುವುದು ಹೇಗೆ?

ಈ ಪ್ರಶ್ನೆ ಈಗ ಹೆಚ್ಚು ಮನೆಗಳಲ್ಲಿದೆ. ನಮ್ಮ ಹಿಂದಿನವರ ಕಾಲದಲ್ಲಿ ಜೂಜೆಂದರೆ ಹಬ್ಬದ ಇಸ್ಪೀಟು, ಜಾತ್ರೆಯ ಅಂದರ್ ಬಾಹರ್, ಓಸಿ ಚೀಟಿ, ಲಾಟರಿ. ಲಾಟರಿಯನ್ನು ನಮ್ಮ ರಾಜ್ಯದಲ್ಲಿ 2007ರಲ್ಲಿ ನಿಲ್ಲಿಸಿದರು. ಆಮೇಲೆ ಜೂಜು ಜೇಬಿನೊಳಗಿನ ಫೋನಿಗೆ ಬಂತು. ರಾಜ್ಯ ಸರ್ಕಾರ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶಕ್ಕೆಲ್ಲ ಅನ್ವಯಿಸುವಂತೆ ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಕಾನೂನು ಆಟದ ಬಾಗಿಲು ಮುಚ್ಚಬಲ್ಲದು. ಆಡಿದವನ ಸಾಲವನ್ನು ಮುಚ್ಚಲಾರದು. ಆಸೆಗೆ ಬೇರೆ ಕಳ್ಳದಾರಿಗಳೂ ಸಿಗುತ್ತವೆ. ಹಾಗಾಗಿ ಉಳಿದ ಕೆಲಸ ನಮ್ಮದು.

*ಜೂಜು ಯಾವ ಶೀಲವನ್ನು ಮುರಿಯುತ್ತದೆ?*

ಪಂಚಶೀಲದಲ್ಲಿ ಜೂಜು ಎಂಬ ಪದವಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲೂ ಆ ಪದವಿಲ್ಲ. ಇದನ್ನೇ ಹಿಡಿದುಕೊಂಡು "ನಾನು ಕುಡಿಯಲ್ಲ, ಕದಿಯಲ್ಲ, ಬರೀ ಆಟ ಆಡ್ತೀನಿ" ಎನ್ನುವವರಿದ್ದಾರೆ.

ನಾವು ದಿನವೂ ಹೇಳುವ ಐದನೆಯ ಶೀಲವನ್ನು ಗಮನಿಸಿ. ಅಲ್ಲಿ ಮದ್ಯದ ಜೊತೆಗೆ 'ಪಮಾದಟ್ಠಾನ' ಎಂಬ ಮಾತು ಬರುತ್ತದೆ. ಪಮಾದ ಎಂದರೆ ಎಚ್ಚರ ತಪ್ಪುವುದು, ಮೈಮರೆಯುವುದು. ಪಮಾದಟ್ಠಾನ ಎಂದರೆ ಅದಕ್ಕೆ ಎಡೆ ಮಾಡಿಕೊಡುವ ಸಂಗತಿ. ರಾಜಗೃಹದ ಗೃಹಸ್ಥ ಯುವಕ ಸಿಗಾಲನಿಗೆ ಬುದ್ಧರು ಮಾಡಿದ ಬೋಧನೆಯಲ್ಲಿ ಸಂಪತ್ತು ಸೋರಿಹೋಗುವ ಆರು ದಾರಿಗಳನ್ನು ಹೇಳಿದ್ದಾರೆ. ಅದರಲ್ಲಿ ಕುಡಿತಕ್ಕೂ ಜೂಜಿಗೂ ಇದೇ ಪಮಾದಟ್ಠಾನ ಎಂಬ ಪದ ಬಳಕೆಯಾಗಿದೆ. ಬಾಟಲಿ ಬೇರೆ, ಫೋನು ಬೇರೆ. ಎರಡೂ ಕೊಂಡೊಯ್ಯುವ ಜಾಗ ಒಂದೇ.

ಅದೇ ಬೋಧನೆಯಲ್ಲಿ ಜೂಜಿನ ಆರು ಕೇಡುಗಳ ಪಟ್ಟಿಯಿದೆ. ಗೆದ್ದವನು ಹಗೆ ಕಟ್ಟಿಕೊಳ್ಳುತ್ತಾನೆ. ಸೋತವನು ಹೋದ ಹಣಕ್ಕಾಗಿ ಕೊರಗುತ್ತಾನೆ. ಕೈಯಲ್ಲಿದ್ದ ಹಣ ಕರಗುತ್ತದೆ. ಸಭೆಯಲ್ಲಿ ಅವನ ಮಾತಿಗೆ ಬೆಲೆ ಇರುವುದಿಲ್ಲ. ಗೆಳೆಯರು ಕಡೆಗಣಿಸುತ್ತಾರೆ. ಹೆಂಡತಿಯನ್ನು ಸಾಕಲಾರ ಎಂದು ಹೆಣ್ಣು ಕೊಡುವವರು ಹಿಂದೆ ಸರಿಯುತ್ತಾರೆ. ಇವುಗಳಲ್ಲಿ ಹಣದ ಮಾತು ಎರಡೋ ಮೂರೋ. ಉಳಿದವೆಲ್ಲ ನಂಬಿಕೆ ಕಳೆದುಕೊಳ್ಳುವ ಮಾತು. ಜೂಜುಕೋರ ಕಳೆದುಕೊಂಡದ್ದು ರೂಪಾಯಿ ಮಾತ್ರವಾಗಿದ್ದರೆ ರೂಪಾಯಿ ವಾಪಸು ಬಂದಾಗ ಎಲ್ಲ ಸರಿಹೋಗಬೇಕಿತ್ತು. ಹಾಗೆ ಆಗುವುದಿಲ್ಲ ಎಂಬುದು ಆ ಮನೆಗಳಲ್ಲಿರುವವರಿಗೆ ಗೊತ್ತು.

*ಮುಚ್ಚಿಡುವುದೇ ಬಡ್ಡಿ*

ಅಂಗುತ್ತರ ನಿಕಾಯದಲ್ಲಿ 'ಇಣ ಸುತ್ತ' ಎಂಬುದಿದೆ. ಪಾಲಿಯ 'ಇಣ' ನಮ್ಮ 'ಋಣ'. ಗೃಹಸ್ಥನಿಗೆ ಬಡತನ ದುಃಖ ಎಂದು ಅದು ಮೊದಲಾಗುತ್ತದೆ. ಬಡವ ಸಾಲ ಮಾಡುತ್ತಾನೆ, ಅದು ದುಃಖ. ಬಡ್ಡಿಗೆ ಒಪ್ಪಿಕೊಳ್ಳುತ್ತಾನೆ, ಅದು ದುಃಖ. ಕಟ್ಟಲಾಗದಾಗ ಕೇಳಲು ಬರುತ್ತಾರೆ, ಅದು ದುಃಖ. ಬೆನ್ನು ಹತ್ತುತ್ತಾರೆ, ಅದು ದುಃಖ. ಕೊನೆಗೆ ಕಟ್ಟಿಹಾಕುತ್ತಾರೆ, ಅದೂ ದುಃಖ.

ಈ ಸರಪಳಿಯನ್ನು ನಮಗೆ ಯಾರೂ ವಿವರಿಸಬೇಕಿಲ್ಲ. ನಮ್ಮ ಜನ ಅದಕ್ಕೆ 'ಜೀತ' ಎಂದು ಹೆಸರಿಟ್ಟಿದ್ದರು. ಮದುವೆಗೋ ಮಣ್ಣಿಗೋ ಪಡೆದ ಸಣ್ಣ ಸಾಲಕ್ಕೆ ಮಗ ದನ ಕಾಯಲು ನಿಲ್ಲುತ್ತಿದ್ದ. ಅವನ ದುಡಿಮೆ ಬಡ್ಡಿಗೆ ಸರಿಹೋಗುತ್ತಿತ್ತು, ಅಸಲು ಹಾಗೇ ಉಳಿಯುತ್ತಿತ್ತು. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅದರ ಹಿಂದೆ ಎಷ್ಟು ತಲೆಮಾರುಗಳ ಬೆವರು ಇದೆಯೋ ಲೆಕ್ಕ ಇಟ್ಟವರಿಲ್ಲ. ಈಗ ಅದೇ ಮನೆತನದ ಮೊದಲ ತಲೆಮಾರಿನ ನೌಕರನೊಬ್ಬ ಎಟಿಎಂ ಕಾರ್ಡನ್ನೂ ಸಹಿ ಮಾಡಿದ ಖಾಲಿ ಚೆಕ್ಕನ್ನೂ ಬಡ್ಡಿಯವನ ಕೈಗಿಟ್ಟರೆ, ತಿಂಗಳ ಒಂದನೇ ತಾರೀಖು ಸಂಬಳ ತೆಗೆಯುವುದು ಬಡ್ಡಿಯವನೇ. ಇದನ್ನು ಜೀತವಲ್ಲದೆ ಇನ್ನೇನೆಂದು ಕರೆಯೋಣ? ಅಜ್ಜನ ಜೀತವನ್ನು ಜಾತಿ ವ್ಯವಸ್ಥೆ ಹೇರಿತ್ತು. ಮೊಮ್ಮಗನ ಜೀತಕ್ಕೆ ಆಟದ ಆಸೆ ದಾರಿ ಮಾಡಿತು. ಆ ಆಸೆಯನ್ನು ಕೆರಳಿಸಿ ಲಾಭ ಮಾಡಿಕೊಂಡವರು ಬೇರೆಲ್ಲೋ ಸುಖವಾಗಿದ್ದಾರೆ.

ಇಣ ಸುತ್ತ ಅಲ್ಲಿಗೇ ನಿಲ್ಲುವುದಿಲ್ಲ. ಇದೇ ಸರಪಳಿಯನ್ನು ಮನಸ್ಸಿನ ಒಳಗೂ ತೋರಿಸುತ್ತದೆ. ಕೆಟ್ಟ ನಡತೆಯೇ ಸಾಲ ಮಾಡುವುದು. "ಇದು ಯಾರಿಗೂ ಗೊತ್ತಾಗದಿರಲಿ" ಎಂದು ಮುಚ್ಚಿಡುವುದೇ ಬಡ್ಡಿ. ಒಬ್ಬನೇ ಕುಳಿತಾಗ ಬೆನ್ನು ಬಿಡದ ಪಶ್ಚಾತ್ತಾಪದ ಯೋಚನೆಗಳೇ ಬೆನ್ನು ಹತ್ತಿದ ಸಾಲಗಾರರು.

ಮುಚ್ಚಿಡುವುದಕ್ಕೆ 'ಬಡ್ಡಿ' ಎಂಬ ಹೋಲಿಕೆ ಎಷ್ಟು ಸರಿಯಾಗಿದೆ ನೋಡಿ. ಬಡ್ಡಿ ಮಾಡುವುದು ಬೆಳೆಯುವುದನ್ನೇ. ಹೆಂಡತಿಗೆ ಹೇಳಿದ ಒಂದು ಸುಳ್ಳನ್ನು ಉಳಿಸಿಕೊಳ್ಳಲು ಅಕ್ಕನಿಗೆ ಇನ್ನೊಂದು, ಆಫೀಸಿನಲ್ಲಿ ಮತ್ತೊಂದು. ಯಾರಿಗೆ ಏನು ಹೇಳಿದ್ದೆ ಎಂದು ನೆನಪಿಡುವುದೇ ಒಂದು ದುಡಿಮೆ. ದುಡ್ಡಿನ ಬಡ್ಡಿಯನ್ನು ನಿಲ್ಲಿಸಲು ದುಡ್ಡು ಬೇಕು. ಸುಳ್ಳಿನ ಬಡ್ಡಿಯನ್ನು ನಿಲ್ಲಿಸಲು ಒಂದು ಪೈಸೆಯೂ ಬೇಡ. ನಿಜ ಹೇಳಿದ ದಿನವೇ ಅದು ನಿಲ್ಲುತ್ತದೆ.

*ಹೊಸ ಜನ್ಮ, ಹಳೆ ಸಾಲ*

ಇಲ್ಲೊಂದು ತೊಡಕಿನ ಪ್ರಶ್ನೆ ಏಳುತ್ತದೆ. ದೀಕ್ಷೆಯ ಪ್ರತಿಜ್ಞೆಗಳಲ್ಲಿ ನಾವು ಹೊಸ ಜನ್ಮ ಪಡೆದೆವೆಂದು ಹೇಳುತ್ತೇವೆ. ಹಾಗಾದರೆ ಹಳೆಯವನು ಮಾಡಿದ ಸಾಲ ಹೊಸಬನಿಗೆ ಏಕೆ? ವೈದ್ಯರ ಕಡೆಯಿಂದಲೂ ಇದೇ ಬಗೆಯ ಇನ್ನೊಂದು ಪ್ರಶ್ನೆ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆ ಜೂಜಿನ ಗೀಳನ್ನು ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಕಾಯಿಲೆಯಾಗಿದ್ದಾಗ ಮಾಡಿದ ಸಾಲಕ್ಕೆ ಕಾಯಿಲೆಯವನು ಹೊಣೆಯೇ?

ಮೊದಲ ಪ್ರಶ್ನೆಗೆ ವಿನಯ ಪಿಟಕದಲ್ಲಿ ಉತ್ತರವಿದೆ. ಸಾಲ ತೀರಿಸದೆ ಓಡಿಬಂದವನೊಬ್ಬ ಭಿಕ್ಷುವಾದ. ಸಾಲ ಕೊಟ್ಟವರು ಅವನನ್ನು ಗುರುತಿಸಿದರು, ಜನರಲ್ಲಿ ಆಕ್ಷೇಪ ಎದ್ದಿತು. ಆಗ ಬುದ್ಧರು ಸಾಲವಿರುವವನಿಗೆ ಪಬ್ಬಜ್ಜೆ ಕೊಡಬಾರದೆಂದು ನಿಯಮ ಮಾಡಿದರು. ಇಂದಿಗೂ ಉಪಸಂಪದೆಯ ಸಮಯದಲ್ಲಿ "ನಿನಗೆ ಸಾಲವಿಲ್ಲವಷ್ಟೇ?" ಎಂದು ಕೇಳುತ್ತಾರೆ. ಚೀವರದ ಹಿಂದೆ ಕೂಡ ಸಾಲವನ್ನು ಅಡಗಿಸಿಡಲು ಧಮ್ಮ ಒಪ್ಪಲಿಲ್ಲ. ಇನ್ನು ನಮ್ಮ ಬಿಳಿ ಬಟ್ಟೆಯ ಹಿಂದೆ ಒಪ್ಪೀತೆ? ಹೊಸ ಜನ್ಮ ಎಂದರೆ ಹಳೆಯ ಹೊಣೆಯನ್ನು ಹೊಸ ರೀತಿಯಲ್ಲಿ ಹೊರುವುದು.

ಎರಡನೆಯ ಪ್ರಶ್ನೆಗೆ ನನಗೆ ತೋಚಿದ ಉತ್ತರ ಇದು. ಕಾಯಿಲೆ ಎಂಬ ಮಾತು ನಿಜ, ಅದರಿಂದ ಉಪಯೋಗವೂ ಇದೆ. ಗೀಳು ಹಿಡಿದವನನ್ನು ಬೈದು ಬಡಿದು ಸರಿಮಾಡಲಾಗದು, ಚಿಕಿತ್ಸೆ ಬೇಕು ಎಂದು ಅದು ನಮಗೆ ತಿಳಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಗಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಆದರೆ ಅಕ್ಕ ಕೊಟ್ಟ ಬಳೆ ಗಿರವಿ ಅಂಗಡಿಯಲ್ಲೇ ಇದೆ. ತಮ್ಮನಿಗೆ ಕಾಯಿಲೆಯಿತ್ತು ಎಂಬ ಕಾರಣಕ್ಕೆ ಅದು ಅವಳ ಕೈಗೆ ಮರಳುವುದಿಲ್ಲ. ಕಾಯಿಲೆ ಎಂಬುದು ಅವನನ್ನು ನಿಂದೆಯಿಂದ ಕಾಪಾಡಲಿ, ಹೊಣೆಯಿಂದ ಬೇಡ. ನಿಂದೆ ಹಿಂದಕ್ಕೆ ನೋಡಿಸುತ್ತದೆ. ಹೊಣೆ ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ಹೇಳುತ್ತದೆ.

ಅಂಗುಲಿಮಾಲನ ಕಥೆ ನಮಗೆಲ್ಲ ಗೊತ್ತು. ಕೊಲೆಗಾರ ಬದಲಾದ ಎಂಬಲ್ಲಿಗೆ ನಾವು ಕಥೆ ನಿಲ್ಲಿಸುತ್ತೇವೆ. ಸುತ್ತದಲ್ಲಿ ಮುಂದೆ ಇನ್ನೊಂದು ಭಾಗವಿದೆ. ಅರಹಂತನಾದ ಮೇಲೆ ಅವನು ಭಿಕ್ಷೆಗೆ ಹೋದಾಗ ಯಾರೋ ಎಸೆದ ಕಲ್ಲು, ಕೋಲು ಅವನ ಮೈಗೆ ಬಿದ್ದವು. ತಲೆ ಒಡೆದು, ಪಾತ್ರೆ ಒಡೆದು, ಚೀವರ ಹರಿದು ಮರಳಿದ. ಬುದ್ಧರು ಅದನ್ನು ಸಹಿಸಿಕೊ ಎಂದರು. ಒಳಗಿನ ಬದಲಾವಣೆ ಪೂರ್ತಿಯಾಗಿತ್ತು. ಹೊರಗಿನ ಫಲ ಇನ್ನೂ ಬರುತ್ತಿತ್ತು. ಎರಡೂ ಒಟ್ಟಿಗೆ ನಿಜವಾಗಿರಬಹುದು. ಆರು ತಿಂಗಳಿಂದ ಆಡದವನು ಬಿಟ್ಟಿರುವುದೂ ನಿಜ, ಅವನ ಬಾಗಿಲಿಗೆ ಸಾಲ ಕೇಳುವವರು ಬರುವುದೂ ನಿಜ. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ.

*ಬೇಗ ತೀರಿಸಬೇಕೆಂಬ ಆಸೆ*

ಜೂಜು ಬಿಟ್ಟವನಿಗೆ ಇರುವ ಅತಿ ದೊಡ್ಡ ಅಪಾಯ ಒಳ್ಳೆಯ ಉದ್ದೇಶದ ವೇಷದಲ್ಲಿ ಬರುತ್ತದೆ. "ಒಂದೇ ಒಂದು ಸಲ ಆಡಿ, ಗೆದ್ದರೆ ಎಲ್ಲರ ಸಾಲ ತೀರಿಸಿ, ಆಮೇಲೆ ಮುಟ್ಟಲ್ಲ." ಇದು ಸಾಲ ತೀರಿಸುವ ಯೋಚನೆ ಅಂತ ಅವನಿಗೆ ಅನ್ನಿಸುತ್ತದೆ. ನಿಜವಾಗಿ ಇದು ಜೂಜಿನದೇ ದನಿ. ಕಳೆದುಕೊಂಡದ್ದನ್ನು ಆಟದಲ್ಲೇ ಹಿಂದಕ್ಕೆ ಪಡೆಯಲು ಹೋಗುವುದೇ ಈ ಗೀಳಿನ ಮುಖ್ಯ ಲಕ್ಷಣ. ಹತ್ತು ಸಾವಿರ ಹೋದಾಗ ಇಪ್ಪತ್ತು ಸಾವಿರ ಕಟ್ಟಿಸಿದ್ದು ಇದೇ ಆತುರ.

ಆತುರಕ್ಕೆ ಬೇರೆ ವೇಷಗಳೂ ಇವೆ. ಒಂದು ಆ್ಯಪ್‌ನ ಸಾಲ ತೀರಿಸಲು ಇನ್ನೊಂದು ಆ್ಯಪ್‌ನಿಂದ ಸಾಲ. ಮೂರು ತಿಂಗಳಲ್ಲಿ ದುಪ್ಪಟ್ಟು ಮಾಡಿಕೊಡುತ್ತೇವೆ ಎನ್ನುವವರ ಸ್ಕೀಮು. ಯಾರಿಗೂ ಹೇಳದೆ ಊರಿನ ಒಂದು ಎಕರೆ ಮಾರುವುದು. ನಮ್ಮಲ್ಲಿ ಎಷ್ಟು ಮನೆಗಳಿಗೆ ಆ ಒಂದು ಎಕರೆ ಇದೆ, ಅದು ಹೇಗೆ ಬಂತು ಎಂಬುದನ್ನು ನೆನೆಯಿರಿ.

ಇವೆಲ್ಲಕ್ಕಿಂತ ಭಯಂಕರವಾದ ಆತುರ ಇನ್ನೊಂದಿದೆ. "ನಾನೇ ಇಲ್ಲದಿದ್ದರೆ ಎಲ್ಲ ಮುಗಿಯುತ್ತದೆ" ಎಂಬ ಯೋಚನೆ. ಬಂಧುಗಳೇ, ಅದರಿಂದ ಏನೂ ಮುಗಿಯುವುದಿಲ್ಲ. ಸಾಲದ ಚಿಂತೆ ಮನೆಯವರ ತಲೆಯ ಮೇಲೆ ಕೂರುತ್ತದೆ, ಅದರ ಮೇಲೆ ಎಂದೂ ಇಳಿಯದ ದುಃಖವೂ ಕೂರುತ್ತದೆ. ಮೂರು ಲಕ್ಷಕ್ಕಾಗಲಿ ಮೂವತ್ತು ಲಕ್ಷಕ್ಕಾಗಲಿ ಮನುಷ್ಯನನ್ನು ತೂಗಲಾಗದು. ಈ ಸಾಲುಗಳನ್ನು ಓದುತ್ತಿರುವ ಯಾರಿಗಾದರೂ ಆ ಯೋಚನೆ ಬಂದಿದ್ದರೆ, ಇಲ್ಲಿಗೇ ಓದು ನಿಲ್ಲಿಸಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಮನೆಯಲ್ಲಿರುವ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಮ್ಮ ವಲಯದವರಲ್ಲಿ ಯಾರಿಗಾದರೂ ಕರೆ ಮಾಡಿ. ರಾತ್ರಿ ಎಷ್ಟು ಹೊತ್ತಾದರೂ ಸರಿ.

ಆತುರ ರೋಗವಾದರೆ ನಿಧಾನವೇ ಮದ್ದು. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕಟ್ಟುವುದರಲ್ಲಿ ರೋಮಾಂಚನವಿಲ್ಲ, ಬೇಸರವಿದೆ. ಆ ಬೇಸರವನ್ನು ಸಹಿಸಲು ಕಲಿತ ಮನಸ್ಸೇ ಆಟದಿಂದ ಬಿಡುಗಡೆಯಾದ ಮನಸ್ಸು. ಹೀಗೆ ನೋಡಿದರೆ ಸಾಲ ಕಟ್ಟುವುದು ಗುಣವಾದ ಮೇಲೆ ಮಾಡುವ ಕೆಲಸವಾಗಿ ಉಳಿಯುವುದಿಲ್ಲ. ಗುಣವಾಗುವುದೇ ಅದರ ಮೂಲಕ.

*ಸಾಲಗಳೆಲ್ಲ ಒಂದೇ ಅಲ್ಲ*

ಒಂದು ಲೆಕ್ಕ ಹಾಕೋಣ. ತಿಂಗಳ ಸಂಬಳ 24,000 ರೂಪಾಯಿ ಎಂದುಕೊಳ್ಳಿ. ಮೀಟರ್ ಬಡ್ಡಿಯವನಿಗೆ 40,000. ಸಾಲದ ಆ್ಯಪ್‌ಗಳಿಗೆ 30,000. ಹೆಂಡತಿಯ ಹೆಸರಲ್ಲಿ ಸಂಘದ ಸಾಲ 50,000. ಗೆಳೆಯರ ಕೈಸಾಲ 60,000. ಅಕ್ಕನ ಬಳೆ ಗಿರವಿ ಇಟ್ಟದ್ದು 80,000. ಒಟ್ಟು 2,60,000. ಅಕ್ಕಿ ಬೇಳೆ, ಬಾಡಿಗೆ, ಮಕ್ಕಳ ಶಾಲೆ, ಔಷಧಿಗೆ 15,000 ಬೇಕು. ಉಳಿಯುವುದು 9,000. ಬಡ್ಡಿಯೂ ಸೇರಿ ಮೂರು ವರ್ಷ ಹಿಡಿಯುತ್ತದೆ ಎನ್ನಿ.

ಈ 9,000ವನ್ನು ಯಾರಿಗೆ ಮೊದಲು ಕೊಡಬೇಕು? ಸಾಮಾನ್ಯವಾಗಿ ನಾವು ಜೋರಾಗಿ ಕೂಗುವವರಿಗೆ ಮೊದಲು ಕೊಡುತ್ತೇವೆ. ಬಾಗಿಲಿಗೆ ಬಂದು ಮರ್ಯಾದೆ ತೆಗೆಯುವವನಿಗೆ ಮೊದಲು, ಫೋನಿನಲ್ಲಿ ಬೈಯುವವನಿಗೆ ಆಮೇಲೆ. ಒಂದು ಮಾತೂ ಆಡದ ಅಕ್ಕನಿಗೆ, ತನ್ನ ಹೆಸರಿನ ಸಾಲದ ಕಂತಿಗೆ ಕೂಲಿ ಮಾಡುವ ಹೆಂಡತಿಗೆ ಕೊನೆಗೆ. ಪ್ರೀತಿಯಿಂದ ಸುಮ್ಮನಿರುವವರಿಗೆ ಅವರ ಪ್ರೀತಿಯೇ ಶಿಕ್ಷೆಯಾಗುತ್ತದೆ. ಇದು ನ್ಯಾಯವೇ?

ಕನ್ನಡದಲ್ಲಿ 'ಸಾಲ' ಮತ್ತು 'ಋಣ' ಎಂದು ಎರಡು ಪದಗಳಿರುವುದು ಇಲ್ಲಿ ನೆರವಿಗೆ ಬರುತ್ತದೆ. ಬಡ್ಡಿಯವನದು ಸಾಲ. ಅಕ್ಕನದು ಸಾಲವೂ ಹೌದು, ಋಣವೂ ಹೌದು. ಸಾಲಕ್ಕೆ ಲೆಕ್ಕದ ನ್ಯಾಯ ಬೇಕು. 40,000ಕ್ಕೆ ನೂರಕ್ಕೆ ಹತ್ತರಂತೆ ತಿಂಗಳಿಗೆ 4,000 ಬಡ್ಡಿಯಾಗುತ್ತದೆ. ಗಿರವಿಯ 80,000ಕ್ಕೆ ನೂರಕ್ಕೆ ಒಂದರಂತೆ 800 ಆಗುತ್ತದೆ. ಅರ್ಧದಷ್ಟು ಅಸಲಿಗೆ ಐದು ಪಟ್ಟು ಬಡ್ಡಿ. ಆದ್ದರಿಂದ ದೊಡ್ಡ ಮೊತ್ತ ಮೊದಲು ಮೀಟರ್ ಬಡ್ಡಿಯ ಕಡೆಗೆ ಹೋಗಲಿ. ಋಣಕ್ಕೆ ಬೇಕಾದದ್ದು ನಿಜ, ಜೊತೆಗೆ ತಪ್ಪದೆ ಬರುವ ಒಂದು ಗುರುತು. "ಅಕ್ಕಾ, ನಿನ್ನ ಬಳೆ ಇಟ್ಟು ತಂದ ದುಡ್ಡು ಅಂಗಡಿಗೆ ಹಾಕಲಿಲ್ಲ. ಆಟದಲ್ಲಿ ಹೋಯ್ತು. ಬಳೆ ಬಿಡಿಸೋಕೆ ಮೂರು ವರ್ಷ ಆಗುತ್ತೆ. ಅಲ್ಲಿವರೆಗೂ ಬಡ್ಡಿ ನಾನು ಕಟ್ತೀನಿ, ನಿನ್ನ ಕೈಗೆ ತಿಂಗಳಿಗೆ 500 ತಂದುಕೊಡ್ತೀನಿ." ಲೆಕ್ಕದಲ್ಲಿ ಈ 500 ದೊಡ್ಡದಲ್ಲ. ಸತತ ಮೂವತ್ತಾರು ತಿಂಗಳು ಅದೇ ತಾರೀಖಿಗೆ ಬಂದರೆ, ಸಭೆಯಲ್ಲಿ ಬೆಲೆ ಕಳೆದುಕೊಂಡಿದ್ದ ಮಾತಿಗೆ ಮತ್ತೆ ಬೆಲೆ ಬರುತ್ತದೆ.

ಬೆಟ್ಟಿಂಗ್‌ನಲ್ಲೇ ಬುಕ್ಕಿಗೆ ಬಾಕಿ ಉಳಿದ ಹಣದ ಮಾತು ಬೇರೆ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದಕ್ಕೆ ಬೆಲೆಯಿಲ್ಲ, ಬಾಜಿಯಲ್ಲಿ ಗೆದ್ದ ಹಣಕ್ಕೆ ಕೋರ್ಟಿನಲ್ಲಿ ದಾವೆ ಹೂಡಲಾಗದು. ಮನೆಯ ಅಕ್ಕಿಯನ್ನು ಅಲ್ಲಿಗೆ ಹೊತ್ತು ಹಾಕುವುದು ಧಮ್ಮವೂ ಅಲ್ಲ. ಹಾಗೆಂದು ಒಬ್ಬನೇ ಹೋಗಿ ಜಗಳ ಕಾಯಬೇಡಿ, ಅಡಗಿಕೊಂಡು ತಿರುಗಲೂ ಬೇಡಿ. ಹಿರಿಯರೊಬ್ಬರನ್ನೋ ವಕೀಲರನ್ನೋ ಮುಂದಿಟ್ಟುಕೊಂಡು ಮಾತು ಮುಗಿಸಿ, ಆ ನಂಟು ಕಡಿದುಕೊಳ್ಳಿ.

ಹೊಣೆ ಹೊರುವುದೆಂದರೆ ಅವಮಾನ ಹೊರುವುದಲ್ಲ. ಬ್ಯಾಂಕು, ಹಣಕಾಸು ಸಂಸ್ಥೆಗಳ ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ವಿಪರೀತ ಬಡ್ಡಿಯ ವಿರುದ್ಧ ನಮ್ಮ ರಾಜ್ಯದಲ್ಲಿ 2004ರ ಕಾಯ್ದೆಯಿದೆ. ಕಿರುಸಾಲ ವಸೂಲಿಯ ಹೆಸರಿನಲ್ಲಿ ಕಿರುಕುಳ ಕೊಡುವುದರ ವಿರುದ್ಧ 2025ರಲ್ಲಿ ಹೊಸ ಕಾನೂನು ಬಂದಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಸಹಾಯವಾಣಿ 15100. ಸಾಲ ತೀರಿಸುತ್ತೇನೆ ಎನ್ನುವವನಿಗೆ ಈ ಹಕ್ಕುಗಳನ್ನು ಕೇಳುವ ಧೈರ್ಯವೂ ಇರಬೇಕು. ಕಾನೂನು ಓದಿ ಹಕ್ಕು ಕೇಳುವುದನ್ನು ನಮಗೆ ಕಲಿಸಿದವರೇ ಬಾಬಾಸಾಹೇಬರು.

*ಮನೆಯವರು ಏನು ಮಾಡಬೇಕು?*

ತಾಯಿ ಕಿವಿಯ ಓಲೆ ಮಾರಿ ಮಗನ ಸಾಲವನ್ನೆಲ್ಲ ಒಂದೇ ದಿನ ತೀರಿಸಿಬಿಡುತ್ತಾಳೆ. ಕರುಣೆ ಎಂದು ನಾವು ಹೊಗಳುತ್ತೇವೆ. ಆದರೆ ಗೀಳು ಇನ್ನೂ ಆರದಿರುವಾಗ ಸಾಲ ಒಮ್ಮೆಲೇ ತೀರಿದರೆ, ಆಟಕ್ಕೆ ಮತ್ತೆ ದಾರಿ ತೆರೆದಂತಾಗಬಹುದು. ಇನ್ನೊಂದು ಕೊನೆಯಲ್ಲಿ "ಇಂಥವನ ಮುಖ ನೋಡಬಾರದು" ಎಂದು ಬಾಗಿಲು ಹಾಕುವವರಿದ್ದಾರೆ. ಈ ಎರಡರ ನಡುವೆ ಮಧ್ಯಮ ಮಾರ್ಗವಿದೆ. ಸಾಲ ಅವನೇ ತೀರಿಸಲಿ, ಊಟ ನಮ್ಮ ಜೊತೆ ಮಾಡಲಿ. ಅವನು ಒಪ್ಪಿದರೆ ಸಂಬಳದ ಖಾತೆಯನ್ನು ಕೆಲವು ಕಾಲ ಹೆಂಡತಿಯೋ ಅಣ್ಣನೋ ನೋಡಿಕೊಳ್ಳಲಿ. ಲೆಕ್ಕದ ಪುಸ್ತಕ ಎಲ್ಲರಿಗೂ ಕಾಣುವಂತೆ ಇರಲಿ. ತಪ್ಪನ್ನು ದಿನಾ ಎತ್ತಿ ಆಡುವುದು ಬೇಡ. "ಈ ತಿಂಗಳದ್ದು ಕಟ್ಟಿದೆಯಾ?" ಎಂಬ ಒಂದು ಪ್ರಶ್ನೆ ಸಾಕು.

ನಮ್ಮವರಿಗೆ ಇನ್ನೊಂದು ಭಾರವೂ ಇದೆ. ಬೇರೆಯವನು ಸಾಲದಲ್ಲಿ ಬಿದ್ದರೆ ಅವನೊಬ್ಬ ಕೆಟ್ಟ ಎನ್ನುತ್ತಾರೆ. ನಮ್ಮವನು ಬಿದ್ದರೆ "ಇವರ ಜನವೇ ಹೀಗೆ" ಎನ್ನುತ್ತಾರೆ. ಆ ಮಾತಿಗೆ ಹೆದರಿ ನಾವು ಎಲ್ಲವನ್ನೂ ಮುಚ್ಚಿಡುತ್ತೇವೆ. ಮುಚ್ಚಿಟ್ಟದ್ದು ಬಡ್ಡಿಯಾಗಿ ಬೆಳೆಯುತ್ತದೆ. ಊರಿಗೆಲ್ಲ ಹೇಳಬೇಕಾಗಿಲ್ಲ. ನಂಬಿಕೆಯ ನಾಲ್ಕು ಜನರ ಮುಂದೆ ಬಾಯಿ ಬಿಡುವಂಥ ಜಾಗ ನಮ್ಮ ವಿಹಾರಗಳಲ್ಲಿ, ಅಧ್ಯಯನ ವಲಯಗಳಲ್ಲಿ ಇರಬೇಕು. ಕೇಳಿದ್ದನ್ನು ಅಲ್ಲಿಗೇ ಬಿಟ್ಟುಬರುವ ಶೀಲವೂ ನಮಗಿರಬೇಕು.

*ಸಾಲವೇ ಪಾಪವಲ್ಲ*

ಸಾಲದ ಹೆಸರು ಕೇಳಿದರೇ ಕುಗ್ಗುವವರಿಗೆ ಒಂದು ಮಾತು. 1920ರಲ್ಲಿ ಬಾಬಾಸಾಹೇಬರು ಓದು ಮುಗಿಸಲು ಲಂಡನ್ನಿಗೆ ಮರಳಿದಾಗ ಅವರ ಬಳಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ಉಳಿಸಿದ ಹಣವಿತ್ತು, ಕೊಲ್ಹಾಪುರದ ಶಾಹು ಮಹಾರಾಜರ ನೆರವಿತ್ತು, ಗೆಳೆಯ ನವಲ್ ಭಥೇನಾ ಅವರಿಂದ ಪಡೆದ ಸಾಲವೂ ಇತ್ತು. ಬೆಳೆಯಲು ಮಾಡಿದ ಸಾಲಕ್ಕೂ ಮೈಮರೆಯಲು ಮಾಡಿದ ಸಾಲಕ್ಕೂ ಮೂಲ ಬೇರೆ. ಆದರೆ ತೀರಿಸುವ ದಾರಿ ಎರಡಕ್ಕೂ ಒಂದೇ: ದುಡಿಮೆ, ಮಿತವ್ಯಯ, ಕೊಟ್ಟ ಮಾತು. ಮೈಮರೆತು ಮಾಡಿದ ಸಾಲವನ್ನೂ ಎಚ್ಚರದಿಂದ ತೀರಿಸಬಹುದು.

'ಸಾಮಞ್ಞಫಲ ಸುತ್ತ'ದಲ್ಲಿ ಒಂದು ಹೋಲಿಕೆ ಬರುತ್ತದೆ. ಒಬ್ಬ ಸಾಲ ಪಡೆದು ಕಸುಬು ಮಾಡಿದ. ಕೈಗೂಡಿತು. ಹಳೆ ಸಾಲವೆಲ್ಲ ತೀರಿ, ಹೆಂಡತಿಯನ್ನು ಸಾಕಲು ಒಂದಿಷ್ಟು ಉಳಿಯಿತು. ಆಗ ಅವನಿಗಾಗುವ ನಿರಾಳವನ್ನು, ಮನಸ್ಸಿಗೆ ಕಾಮನೆಯಿಂದ ಬಿಡುಗಡೆ ಸಿಕ್ಕಾಗ ಆಗುವ ಆನಂದಕ್ಕೆ ಬುದ್ಧರು ಹೋಲಿಸಿದ್ದಾರೆ. ಆಸೆ ಹೋಗುವುದೂ ಸಾಲ ತೀರುವುದೂ ಒಂದೇ ಬಗೆಯ ಹಗುರ ಎಂದು ಅವರಿಗೆ ತಿಳಿದಿತ್ತು.

*ನಾಲ್ಕು ಸುಖಗಳು*

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಆ ನಡುವಿನ ಮೂರು ವರ್ಷ ಬದುಕುವುದು ಹೇಗೆ?

ಅನಾಥಪಿಂಡಿಕನಿಗೆ ಬುದ್ಧರು ಗೃಹಸ್ಥನ ನಾಲ್ಕು ಸುಖಗಳನ್ನು ಹೇಳಿದರು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಈ ಬೋಧನೆಯನ್ನು ಗೃಹಸ್ಥರಿಗೆಂದೇ ಆರಿಸಿ ಇಟ್ಟಿದ್ದಾರೆ. ನ್ಯಾಯವಾಗಿ ದುಡಿದದ್ದು ತನ್ನದಾಗಿದೆ ಎಂಬ ಸುಖ. ಅದನ್ನು ಒಳ್ಳೆಯ ರೀತಿಯಲ್ಲಿ ಅನುಭವಿಸುವ ಸುಖ. ಯಾರಿಗೂ ಸಾಲ ಕೊಡಬೇಕಿಲ್ಲ ಎಂಬ ಸುಖ. ಮೈ, ಮಾತು, ಮನಸ್ಸುಗಳಲ್ಲಿ ದೋಷವಿಲ್ಲದೆ ಇದ್ದೇನೆ ಎಂಬ ಸುಖ. ಮೂಲ ಸುತ್ತದಲ್ಲಿ ಇನ್ನೂ ಒಂದು ಮಾತಿದೆ. ಮೊದಲಿನ ಸುಖಗಳು ಈ ಕೊನೆಯ ಸುಖದ ಹದಿನಾರನೆಯ ಒಂದು ಪಾಲಿಗೂ ಸಮವಲ್ಲ. ನಮ್ಮ ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ, ನಾಲ್ಕನೆಯದು ಹದಿನಾರಾಣೆಯಾದರೆ ಉಳಿದವು ಒಂದಾಣೆಗೂ ಬಾರವು.

ಸಾಲವಿಲ್ಲದ ಸುಖ, ಆ ಮೂರನೆಯದು, ಜೂಜು ಬಿಟ್ಟವನಿಗೆ ಮೂರು ವರ್ಷ ದೂರವಿದೆ. ಅದನ್ನು ಹತ್ತಿರ ಎಳೆಯಲು ಹೋದರೆ ಮತ್ತೆ ಆಟಕ್ಕೇ ಬೀಳುತ್ತಾನೆ. ನಾಲ್ಕನೆಯದು ಹಾಗಲ್ಲ. ಇವತ್ತು ಆಡಲಿಲ್ಲ, ಇವತ್ತು ಸುಳ್ಳು ಹೇಳಲಿಲ್ಲ, ಇವತ್ತು ಹೊಸ ಸಾಲ ಮಾಡಲಿಲ್ಲ, ಒಪ್ಪಿದ ಕಂತು ಕಟ್ಟಿದೆ ಎಂದು ರಾತ್ರಿ ಮಲಗುವಾಗ ಹೇಳಿಕೊಳ್ಳಬಲ್ಲವನಿಗೆ ಅದು ಇವತ್ತೇ ಸಿಗುತ್ತದೆ. ಎರಡೂವರೆ ಲಕ್ಷ ಸಾಲ ತಲೆಯ ಮೇಲಿರುವಾಗಲೂ ಸಿಗುತ್ತದೆ. ಸಾಲವಿಲ್ಲದೆ ಸುಳ್ಳಿನಲ್ಲಿ ಬದುಕುವ ಸಾಹುಕಾರನಿಗೆ ಸಿಗದ ಸುಖ ಅದು.

ಆದ್ದರಿಂದ, ಬಿಟ್ಟ ಹಾಗಾಯ್ತಾ ಎಂದು ಕೇಳುವ ತಮ್ಮಂದಿರೇ, ಆಯ್ತು. ಸಾಲ ತೀರಿದ ದಿನಕ್ಕಾಗಿ ಕಾಯಬೇಡಿ. ತೀರಿಸುತ್ತಿರುವ ಪ್ರತಿ ದಿನವೂ ನೀವು ಬಿಟ್ಟಿದ್ದೀರಿ.

*ಇಂದಿನ ಅಭ್ಯಾಸ*

1. ಒಂದು ಹಾಳೆಯಲ್ಲಿ ಎಲ್ಲ ಸಾಲಗಳನ್ನೂ ಬರೆಯಿರಿ. ಯಾರಿಗೆ, ಎಷ್ಟು, ಬಡ್ಡಿ ಎಷ್ಟು. ಒಂದನ್ನೂ ಬಿಡಬೇಡಿ.

2. ಆ ಹಾಳೆಯನ್ನು ಮನೆಯ ಒಬ್ಬರಿಗೆ ತೋರಿಸಿ. ಅಲ್ಲಿಗೆ ಒಂದು ಬಡ್ಡಿ ನಿಂತಿತು.

3. ಸುಮ್ಮನಿರುವ ಒಬ್ಬರ ಹೆಸರಿನ ಮುಂದೆ ಗುರುತು ಹಾಕಿ. ಈ ತಿಂಗಳು ಅವರ ಕೈಗೆ ನೂರು ರೂಪಾಯಿಯಾದರೂ ಕೊಡಿ.

ಸಾಲವಿಲ್ಲದ ಬಂಧುಗಳು ನಿಮ್ಮ ಬಳಗದಲ್ಲಿ ಹೀಗೆ ಕಷ್ಟದಲ್ಲಿರುವ ಒಬ್ಬರಿಗೆ ಇಂದು ಫೋನ್ ಮಾಡಿ. ದುಡ್ಡಿನ ಮಾತು ಬೇಡ. ಊಟ ಆಯ್ತಾ ಎಂದು ಕೇಳಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.

ಜೈ ಭೀಮ್. ಉಪಯೋಗ ಎನಿಸಿದರೆ ಬೇರೆ ಗುಂಪುಗಳಿಗೂ ಕಳಿಸಿ.